ಲ್ಯಾಬ್ ಚೀಟಿಯಲ್ಲಿ ಅಡಗಿ ಕೂತ ಆಯುಸ್ಸಿನ ಲೆಕ್ಕ

ಬೆಳಿಗ್ಗೆ ಏಳು ಗಂಟೆ. ಮಂಡ್ಯದ ಮಿಮ್ಸ್ ಆಸ್ಪತ್ರೆಯ ಆಸುಪಾಸಿರಲಿ, ಮದ್ದೂರಿನ ತಾಲ್ಲೂಕು ಆಸ್ಪತ್ರೆಯ ಬೀದಿಯಿರಲಿ, ಮಳವಳ್ಳಿಯ ಪೇಟೆಯಿರಲಿ, ರಕ್ತಪರೀಕ್ಷೆಯ ಲ್ಯಾಬುಗಳ ಮುಂದೆ ಕಾಣುವುದು ಒಂದೇ ನೋಟ. ಕಾಫಿ ಮುಟ್ಟದೆ ಬರೀ ಹೊಟ್ಟೆಯಲ್ಲಿ ಬಂದ ಹಿರಿಯರು, ಜೊತೆಗೊಬ್ಬ ಮಗನೋ ಸೊಸೆಯೋ ಮೊಮ್ಮಗಳೋ. ತೋಳಿಗೆ ರಬ್ಬರ್ ಪಟ್ಟಿ ಬಿಗಿಯುತ್ತಾರೆ, ಸೂಜಿ ಚುಚ್ಚುತ್ತಾರೆ, ನೇರಳೆ ಮುಚ್ಚಳದ ಕೊಳವೆಗೆ ಎರಡು ಮೂರು ಎಂ.ಎಲ್. ರಕ್ತ ಇಳಿಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಚೀಟಿ ಕೈಗೆ ಬರುತ್ತದೆ.

"ಸುಗರ್ ಏಟೈತೆ ನೋಡ್ಲಾ ಮಗ."

"ನೂರಾ ನಲವತ್ತು ಕಣವ್ವ."

"ಎಚ್‌ಬಿ?"

"ಹನ್ನೆರಡೂ ಕಾಲು."

"ಹಂಗಾರೆ ಸರಿ ಬುಡು."

ಅಷ್ಟೇ. ಚೀಟಿ ನಾಲ್ಕು ಮಡಿಕೆಯಾಗಿ ಪ್ಲಾಸ್ಟಿಕ್ ಕವರಿನೊಳಗೆ ಸೇರಿಹೋಯಿತು. ಸಕ್ಕರೆ ನಾಡಿನವರಿಗೆ ಸಕ್ಕರೆಯದೇ ಚಿಂತೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಅದೇ ಚೀಟಿಯಲ್ಲಿ, ಹಿಮೋಗ್ಲೋಬಿನ್‌ನಿಂದ ಕೆಲವು ಸಾಲು ಕೆಳಗೆ, ಎಂಸಿವಿ, ಎಂಸಿಎಚ್, ಎಂಸಿಎಚ್‌ಸಿ ಎಂಬ ಯಾರಿಗೂ ಬೇಡವಾದ ಮೂವರ ಪಕ್ಕದಲ್ಲಿ ಇನ್ನೊಂದು ಸಾಲು ತೆಪ್ಪಗೆ ಕೂತಿರುತ್ತದೆ: ಆರ್‌ಡಿಡಬ್ಲ್ಯು. ಅದರ ಮುಂದೆ 13.2 ಅಂತಲೋ 14.8 ಅಂತಲೋ ಒಂದು ಅಂಕಿ. ಅವ್ವ ಕೇಳುವುದಿಲ್ಲ, ಮಗ ಓದುವುದಿಲ್ಲ, ಎಷ್ಟೋ ಸಲ ಗಡಿಬಿಡಿಯ ಡಾಕ್ಟರ ಕಣ್ಣೂ ಅಲ್ಲಿ ನಿಲ್ಲುವುದಿಲ್ಲ. ಅದಕ್ಕೆಂದು ಬೇರೆ ದುಡ್ಡು ಕೊಟ್ಟಿರುವುದಿಲ್ಲ, ಬೇರೆ ರಕ್ತ ಕೊಟ್ಟಿರುವುದಿಲ್ಲ. ಯಂತ್ರ ತಾನಾಗಿಯೇ ಲೆಕ್ಕ ಹಾಕಿ ಪುಕ್ಕಟೆಯಾಗಿ ಅಚ್ಚು ಮಾಡಿ ಕೊಟ್ಟದ್ದು.

ಆ ಪುಕ್ಕಟೆ ಅಂಕಿಗೂ ವಯಸ್ಸಾದವರ ಉಳಿದ ಆಯುಸ್ಸಿಗೂ ಗಾಢವಾದ ನಂಟಿದೆ ಎಂದರೆ ನಂಬುತ್ತೀರಾ? ವೈದ್ಯವಿಜ್ಞಾನಿಗಳೇ ಮೊದಲು ಬೆಚ್ಚಿಬಿದ್ದರು!

ಮೊದಲು ಅದೇನೆಂದು ನೋಡೋಣ. ನಮ್ಮ ಮೈಯಲ್ಲಿ ಹೆಚ್ಚುಕಡಿಮೆ 25 ಲಕ್ಷ ಕೋಟಿ ಕೆಂಪು ರಕ್ತಕಣಗಳಿವೆ. ಪ್ರತಿಯೊಂದರ ಆಯುಸ್ಸು ಸುಮಾರು 120 ದಿನ. ಸತ್ತವುಗಳ ಜಾಗ ತುಂಬಲು ಮೂಳೆಮಜ್ಜೆ ಸೆಕೆಂಡಿಗೆ 20 ಲಕ್ಷದಂತೆ ಹೊಸ ಕಣಗಳನ್ನು ಹುಟ್ಟಿಸುತ್ತಲೇ ಇರಬೇಕು. ಈ ವಾಕ್ಯ ಓದುವಷ್ಟರಲ್ಲಿ ನಿಮ್ಮೊಳಗೆ ಕೋಟಿಯ ಹತ್ತಿರ ಕಣಗಳು ಹುಟ್ಟಿಯಾಗಿದೆ, ಅಷ್ಟೇ ಸತ್ತೂ ಆಗಿದೆ. ಇಷ್ಟು ವೇಗದಲ್ಲಿ, ಇಷ್ಟು ಕೋಟಿಗಳಲ್ಲಿ ಮಾಡಿದರೂ ಆರೋಗ್ಯವಂತರ ಮಜ್ಜೆ ಕಣಗಳನ್ನು ಬಹುತೇಕ ಒಂದೇ ಗಾತ್ರಕ್ಕೆ ಮಾಡಿಡುತ್ತದೆ. ಆಲೆಮನೆಯಲ್ಲಿ ಬೆಲ್ಲ ಹುಯ್ಯುವುದನ್ನು ನೋಡಿದವರಿಗೆ ಇದು ಥಟ್ಟನೆ ಹೊಳೆಯುತ್ತದೆ. ಪಾಕದ ಹದ ಸರಿಯಿದ್ದು ಉರಿ ಸಮನಾಗಿದ್ದರೆ ಅಚ್ಚುಗಳೆಲ್ಲ ಒಂದೇ ಥರ ಏಳುತ್ತವೆ. ಹದ ಕೆಟ್ಟ ದಿನ ಒಂದು ಪುಡಿ, ಒಂದು ಮೆದು, ಒಂದು ಕುಗ್ಗಿದ್ದು. ಆರ್‌ಡಿಡಬ್ಲ್ಯು ಅಳೆಯುವುದು ಇದನ್ನೇ: ಕೆಂಪುಕಣಗಳ ಗಾತ್ರದಲ್ಲಿ ಎಷ್ಟು ಏರುಪೇರಿದೆ ಎಂಬುದನ್ನು. ಎಲ್ಲ ಒಂದೇ ಸಮ ಇದ್ದರೆ ಅಂಕಿ ಕಡಿಮೆ, ದೊಡ್ಡದು ಚಿಕ್ಕದು ಬೆರೆತಿದ್ದರೆ ಜಾಸ್ತಿ. ಹೆಚ್ಚಿನ ಲ್ಯಾಬುಗಳು ಶೇ 11.5ರಿಂದ 14.5ರ ಆಸುಪಾಸನ್ನು ಸರಿ ಎನ್ನುತ್ತವೆ.

ಇದನ್ನು ಅಳೆಯುವುದು ಸಾಧ್ಯವಾದದ್ದೇ ಒಂದು ಸೋಜಿಗ. ಹಿಂದೆ ರಕ್ತಕಣ ಎಣಿಸಬೇಕೆಂದರೆ ಸೂಕ್ಷ್ಮದರ್ಶಕದ ಕೆಳಗೆ ಕಣ್ಣು ನೋಯಿಸಿಕೊಂಡು ಒಂದೊಂದೇ ಎಣಿಸಬೇಕಿತ್ತು. ವಾಲೇಸ್ ಕೌಲ್ಟರ್ ಎಂಬ ಅಮೆರಿಕದ ಎಂಜಿನಿಯರ್ ಒಂದು ಉಪಾಯ ಮಾಡಿದ. ಕೂದಲೆಳೆಗಿಂತ ಸಣ್ಣ ತೂತಿನ ಮೂಲಕ ಉಪ್ಪುನೀರಿನಲ್ಲಿ ಬೆರೆಸಿದ ರಕ್ತವನ್ನು ಹರಿಸಿದ, ಅದೇ ತೂತಿನಲ್ಲಿ ವಿದ್ಯುತ್ತನ್ನೂ ಹರಿಸಿದ. ಒಂದೊಂದು ಕಣ ತೂರಿ ಹೋದಾಗಲೂ ವಿದ್ಯುತ್ತಿಗೆ ಕ್ಷಣಮಾತ್ರದ ತಡೆ. ತಡೆ ಎಷ್ಟು ಸಲ ಆಯಿತೋ ಅಷ್ಟು ಕಣಗಳು; ತಡೆ ಎಷ್ಟು ದೊಡ್ಡದೋ ಕಣ ಅಷ್ಟು ದೊಡ್ಡದು. 1953ರಲ್ಲಿ ಇದಕ್ಕೆ ಪೇಟೆಂಟ್ ಸಿಕ್ಕಿತು. ಇವತ್ತು ಮಳವಳ್ಳಿಯ ಲ್ಯಾಬಿನ ಮೂಲೆಯಲ್ಲಿ ಗುಂಯ್ಗುಡುವ ಮಿಕ್ಸಿಯಷ್ಟು ಗಾತ್ರದ ಯಂತ್ರದೊಳಗೂ ಬಹುಮಟ್ಟಿಗೆ ಅದೇ ಉಪಾಯ ನಡೆದಿದೆ. ಸಾವಿರಾರು ಕಣಗಳನ್ನು ಸೆಕೆಂಡುಗಳಲ್ಲಿ ಅಳೆದು, ಸರಾಸರಿ ತೆಗೆದು, ಏರುಪೇರಿನ ಲೆಕ್ಕ ಕೊಟ್ಟುಬಿಡುತ್ತದೆ.

ದಶಕಗಳ ಕಾಲ ಡಾಕ್ಟರುಗಳು ಈ ಅಂಕಿಯನ್ನು ಒಂದೇ ಕೆಲಸಕ್ಕೆ ಬಳಸಿದರು: ರಕ್ತಹೀನತೆ ಯಾವ ಬಗೆಯದು ಎಂದು ಗುರುತಿಸಲು. ಕಬ್ಬಿಣದ ಕೊರತೆಯಾದರೆ ಏರುತ್ತದೆ, ಬಿ12 ಅಥವಾ ಫೋಲೇಟ್ ಕೊರತೆಯಾದರೂ ಏರುತ್ತದೆ, ಸೌಮ್ಯ ಥಲಸ್ಸೇಮಿಯದಲ್ಲಿ ಸಾಮಾನ್ಯವಾಗಿ ಅಷ್ಟೇನೂ ಏರುವುದಿಲ್ಲ. ವೈದ್ಯಕೀಯ ವಿದ್ಯಾರ್ಥಿಗಳು ಪರೀಕ್ಷೆಗೆ ಓದಿ ಮರೆಯುವ ಸಂಗತಿ.

ಆಮೇಲೆ ಬಂತು 2007. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಹೃದ್ರೋಗ ತಜ್ಞ ಮೈಕೆಲ್ ಫೆಲ್ಕರ್ ಮತ್ತು ಸಂಗಡಿಗರು ಹೃದಯ ಸೋತ 2,679 ರೋಗಿಗಳ ದಾಖಲೆ ಹರವಿಕೊಂಡು ಕೂತರು. ಇವರಲ್ಲಿ ಯಾರ ಸ್ಥಿತಿ ಕೈಮೀರುತ್ತದೆ, ಯಾರು ಬೇಗ ತೀರಿಹೋಗುತ್ತಾರೆ ಎಂಬುದರ ಸುಳಿವು ರಕ್ತಪರೀಕ್ಷೆಯಲ್ಲಿ ಸಿಗುತ್ತದೆಯೇ ಎಂದು 36 ಬಗೆಯ ಅಂಕಿಗಳನ್ನು ಒರೆಗೆ ಹಚ್ಚಿದರು. ಕಿಡ್ನಿಯದು, ಲಿವರ್‌ದು, ಉಪ್ಪಿನಂಶದ್ದು, ಎಲ್ಲ. ಮುಂಚೂಣಿಗೆ ಬಂದು ನಿಂತದ್ದು ಯಾರು? ಯಾರೂ ಲೆಕ್ಕಕ್ಕೇ ಇಟ್ಟುಕೊಳ್ಳದಿದ್ದ ಆರ್‌ಡಿಡಬ್ಲ್ಯು! ಹೃದಯದ ಕಾಯಿಲೆಗೂ ಕೆಂಪುಕಣಗಳ ಗಾತ್ರದ ಏರುಪೇರಿಗೂ ಎತ್ತಣಿಂದೆತ್ತ ಸಂಬಂಧ? ಕಾಕತಾಳೀಯ ಇರಬಹುದೆಂದು ಡ್ಯೂಕ್‌ನದೇ ಬೇರೊಂದು ರೋಗಿಗಳ ದಾಖಲೆಯಲ್ಲಿ ನೋಡಿದರೆ ಅಲ್ಲೂ ಅದೇ ಕತೆ.

ರೋಗಿಗಳನ್ನು ಬಿಡಿ, ಸಾಮಾನ್ಯ ಜನರಲ್ಲಿ? 2009ರಲ್ಲಿ ಕುಶಾಂಗ್ ಪಟೇಲ್ ಮತ್ತು ಸಂಗಡಿಗರು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯ 45 ದಾಟಿದ 8,175 ಮಂದಿಯ ಲೆಕ್ಕ ತೆಗೆದರು. ಆರ್‌ಡಿಡಬ್ಲ್ಯು ಒಂದು ಅಂಶ ಏರಿದರೆ, ಅಂದರೆ 13ರಿಂದ 14 ಆದರೆ, ಸಾವಿನ ಅಪಾಯ ಶೇ 22ರಷ್ಟು ಹೆಚ್ಚು. ಹೃದ್ರೋಗದಿಂದಷ್ಟೇ ಅಲ್ಲ, ಕ್ಯಾನ್ಸರಿನಿಂದಲೂ, ಶ್ವಾಸಕೋಶದ ಕಾಯಿಲೆಗಳಿಂದಲೂ. ಸರಿ, ರಕ್ತಹೀನತೆ ಇದ್ದವರೆಲ್ಲ ಸೇರಿಕೊಂಡು ಲೆಕ್ಕ ಕೆಡಿಸಿರಬೇಕು ಎಂದು ಅವರನ್ನು ಹೊರಗಿಟ್ಟರು. ನಂಟು ಹೋಗಲಿಲ್ಲ. ಕಬ್ಬಿಣ, ಬಿ12, ಫೋಲೇಟ್ ಕೊರತೆ ಇದ್ದವರನ್ನೂ ಹೊರಗಿಟ್ಟು, ಲ್ಯಾಬು 'ನಾರ್ಮಲ್' ಎನ್ನುವ ಎಲ್ಲೆಯೊಳಗೇ ಇದ್ದವರನ್ನು ಮಾತ್ರ ನೋಡಿದರು. ಆಗಲೂ ಹೋಗಲಿಲ್ಲ! ಚೀಟಿಯಲ್ಲಿ ದಪ್ಪಕ್ಷರವಿಲ್ಲ, ಬಾಣದ ಗುರುತಿಲ್ಲ, ಎಲ್ಲ ಸರಿ ಎಂದು ಮಡಚಿಟ್ಟ ಕಾಗದದೊಳಗೂ ಆ ಎಳೆ ಇತ್ತು. ಮರುವರ್ಷ ಏಳು ಅಧ್ಯಯನಗಳ 11,827 ವೃದ್ಧರನ್ನು ಒಟ್ಟುಗೂಡಿಸಿದಾಗ ಏರಿಕೆಯ ಪ್ರಮಾಣ ಒಂದು ಅಂಶಕ್ಕೆ ಶೇ 14 ಎಂದು ಬಂತು. ಅಂಕಿ ಸ್ವಲ್ಪ ತಗ್ಗಿತು, ನಂಟು ಕದಲಲಿಲ್ಲ.

ಯಾಕೆ ಹೀಗೆ? ಇಲ್ಲಿಂದ ಮುಂದೆ ಪತ್ತೇದಾರಿ. ಮೈಯಲ್ಲಿ ಎಲ್ಲೋ ಸಣ್ಣಗೆ ಉರಿಯೂತ ಹೊಗೆಯಾಡುತ್ತಿದ್ದರೆ ಮಜ್ಜೆಗೆ ಕಬ್ಬಿಣ ಸರಿಯಾಗಿ ಸಿಗುವುದಿಲ್ಲ. ಉಗ್ರಾಣದಲ್ಲಿ ಇದ್ದರೂ ದೇಹ ಅದನ್ನು ಬೀಗ ಹಾಕಿ ಇಟ್ಟುಕೊಳ್ಳುತ್ತದೆ. ಕಿಡ್ನಿ ಸೊರಗಿದರೆ, ಕೆಂಪುಕಣ ಮಾಡು ಎಂದು ಮಜ್ಜೆಗೆ ಅಪ್ಪಣೆ ಕೊಡುವ ಎರಿತ್ರೊಪೊಯೆಟಿನ್ ಎಂಬ ಹಾರ್ಮೋನು ಕುಂದುತ್ತದೆ. ಊಟ ಸೇರದಿದ್ದರೆ ಕಚ್ಚಾಮಾಲೇ ಇಲ್ಲ. ಮಜ್ಜೆಯ ಕಾಂಡಕೋಶಗಳಿಗೇ ವಯಸ್ಸಾಗುತ್ತದೆ. ಹಾರ್ವರ್ಡ್‌ನ ಜಾನ್ ಹಿಗಿನ್ಸ್ ತಂಡ ಇನ್ನೊಂದು ಚಂದದ ಸುಳಿವು ಕೊಟ್ಟಿತು: ದೇಹ ಕಷ್ಟದಲ್ಲಿದ್ದಾಗ ಮುದಿ ಕಣಗಳನ್ನು ಬೇಗ ವಿಲೇವಾರಿ ಮಾಡದೆ ಇನ್ನಷ್ಟು ದಿನ ದುಡಿಸಿಕೊಳ್ಳುತ್ತದೆ. ವಯಸ್ಸಾದಂತೆ ಕಣ ಕುಗ್ಗುವುದರಿಂದ, ಕುಗ್ಗಿದ ಹಳಬರೂ ದಷ್ಟಪುಷ್ಟ ಹೊಸಬರೂ ಒಟ್ಟಿಗೆ ಓಡಾಡುತ್ತಾರೆ, ಏರುಪೇರು ಹೆಚ್ಚುತ್ತದೆ. ಅಂದರೆ ಆ ಒಂದು ಅಂಕಿ ಒಂದು ಕಾಯಿಲೆಯ ಹೆಸರು ಹೇಳುತ್ತಿಲ್ಲ. ಇಡೀ ಮೈ ಎಷ್ಟು ಹೆಣಗಾಡುತ್ತಿದೆ ಎಂಬುದನ್ನು ಹೇಳುತ್ತಿದೆ.

ಮೈ ನವಿರೇಳಿಸುವ ಮಾತೆಂದರೆ, ಆ ಚೀಟಿಯಲ್ಲಿ ಇಂಥ ಸಾಲು ಇದೊಂದೇ ಅಲ್ಲ. ಆಲ್ಬುಮಿನ್ ನೋಡಿ. ಲಿವರ್ ಮಾಡುವ ಈ ಪ್ರೋಟೀನು ರಕ್ತದಲ್ಲಿ ಅರ್ಧದಷ್ಟು ಕರಗಲು ಮೂರು ವಾರದ ಹತ್ತಿರ ಬೇಕು. 1994ರಲ್ಲೇ ಅಮೆರಿಕದಲ್ಲಿ 71 ದಾಟಿದ 4,116 ಮಂದಿಯ ಅಧ್ಯಯನ ಆಲ್ಬುಮಿನ್ ತಗ್ಗಿದಷ್ಟೂ ಸಾವಿನ ಅಪಾಯ ಹೆಚ್ಚೆಂದು ತೋರಿಸಿತು. ಅದರ ಜೊತೆ ನಡೆದಾಡುವುದು, ಸ್ನಾನ, ಬಟ್ಟೆ ಹಾಕಿಕೊಳ್ಳುವುದೂ ಕಷ್ಟವಾಗಿದ್ದರೆ ಇನ್ನೂ ಹೆಚ್ಚು. ಸಿಆರ್‌ಪಿ ನೋಡಿ. ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ 1930ರಲ್ಲಿ ನ್ಯುಮೋನಿಯ ರೋಗಿಗಳ ರಕ್ತದಲ್ಲಿ ಕಂಡ ಈ ಪ್ರೋಟೀನು ಸೋಂಕು ತಗುಲಿದ ಒಂದೆರಡು ದಿನದಲ್ಲಿ ಸಾವಿರ ಪಟ್ಟು ಏರಬಲ್ಲದು. ಅದು ಜ್ವರದ ಮಾತಾಯಿತು. ಜ್ವರವಿಲ್ಲ, ಕೆಮ್ಮಿಲ್ಲ, ಆದರೂ ವರ್ಷಗಟ್ಟಲೆ ತುಸು ಮೇಲೇ ಇರುವ ಸಿಆರ್‌ಪಿಯನ್ನು ವೃದ್ಧಾಪ್ಯ ತಜ್ಞರು ಈಗ ಬೇರೆಯೇ ಕಣ್ಣಿನಿಂದ ನೋಡುತ್ತಾರೆ.

ಕ್ರಿಯಾಟಿನಿನ್ ಎಂಬುದು ಮಾತ್ರ ತುಸು ಮೋಸಗಾರ. ಕಿಡ್ನಿಯ ಕೆಲಸ ಅಳೆಯಲು ಅದನ್ನು ನೋಡುತ್ತೇವೆ, ನಿಜ. ಆದರೆ ಅದು ಹುಟ್ಟುವುದು ಮಾಂಸಖಂಡದಿಂದ. ಎಂಬತ್ತರ ಅಜ್ಜಿಯ ತೋಳು ಸೊರಗಿ ಕಡ್ಡಿಯಾಗಿದ್ದರೆ ಕ್ರಿಯಾಟಿನಿನ್ ಹುಟ್ಟುವುದೇ ಕಡಿಮೆ. ಕಿಡ್ನಿ ಅರ್ಧ ಸೋತಿದ್ದರೂ ಚೀಟಿಯಲ್ಲಿ 'ನಾರ್ಮಲ್' ಬರಬಹುದು. ಅದಕ್ಕೇ ವಯಸ್ಸು ಸೇರಿಸಿ ಲೆಕ್ಕ ಹಾಕಿದ ಇಜಿಎಫ್‌ಆರ್ ಎಂಬ ಸಾಲನ್ನು ಓದಬೇಕು. ಈ ಮಾತನ್ನು ನಮ್ಮ ಕಡೆ ಯಾಕೆ ಒತ್ತಿ ಹೇಳಬೇಕು ಗೊತ್ತೆ? ಕಬ್ಬಿನ ಗದ್ದೆ, ಭತ್ತದ ಗದ್ದೆಯಲ್ಲಿ ಬಗ್ಗಿ ಬಗ್ಗಿ ಸವೆದ ಮಂಡಿ ಮತ್ತು ಸೊಂಟಗಳಿಗೆ "ಒಂದು ಸೂಜಿ ಹಾಕುಸ್ಕಂಡ್ ಬತ್ತೀನಿ" ಎಂದು ಹೊರಡುವವರು ಊರೂರಲ್ಲೂ ಇದ್ದಾರೆ. ಆ ನೋವಿನ ಇಂಜೆಕ್ಷನ್ನು, ಮಾತ್ರೆ ದಿನನಿತ್ಯದ ರೂಢಿಯಾದರೆ ಪೆಟ್ಟು ಬೀಳುವುದು ಕಿಡ್ನಿಗೆ.

ಇನ್ನು ಈ ಸಾಲುಗಳನ್ನೆಲ್ಲ ಒಟ್ಟಿಗೆ ಓದಿದರೆ? ಉತ್ತರ ಯುರೋಪಿನ ಪುಟ್ಟ ದೇಶ ಎಸ್ಟೋನಿಯದಲ್ಲಿ 9,842 ಜನರ ರಕ್ತದಲ್ಲಿ ನೂರಕ್ಕೂ ಹೆಚ್ಚು ಅಂಶಗಳನ್ನು ಅಳೆದು ಐದು ವರ್ಷ ಕಾದರು. 2014ರಲ್ಲಿ ಹೊರಬಂದ ಫಲಿತಾಂಶದಲ್ಲಿ ನಾಲ್ಕೇ ನಾಲ್ಕು ಅಂಶಗಳು ಎದ್ದು ನಿಂತಿದ್ದವು. ಅದರಲ್ಲೊಂದು ನಮ್ಮ ಆಲ್ಬುಮಿನ್, ಮತ್ತೊಂದು ನಿಂಬೆಹುಳಿಯಲ್ಲೂ ಇರುವ ಸಿಟ್ರೇಟ್! ಆ ನಾಲ್ಕರ ಲೆಕ್ಕದಲ್ಲಿ ಅತಿ ಕೆಟ್ಟ ಐದನೇ ಒಂದು ಭಾಗದವರು, ಅತಿ ಒಳ್ಳೆಯ ಐದನೇ ಒಂದು ಭಾಗದವರಿಗಿಂತ 19 ಪಟ್ಟು ಹೆಚ್ಚು ಸಂಖ್ಯೆಯಲ್ಲಿ ಆ ಐದು ವರ್ಷಗಳಲ್ಲಿ ತೀರಿಕೊಂಡಿದ್ದರು. ಹೀಗೂ ಉಂಟೆ ಎಂದು ಫಿನ್ಲೆಂಡಿನ 7,503 ಜನರ ರಕ್ತದಲ್ಲಿ ಮತ್ತೆ ನೋಡಿದರು. ಉಂಟು.

2018ರಲ್ಲಿ ಮಾರ್ಗನ್ ಲೆವಿನ್ ಎಂಬ ವಿಜ್ಞಾನಿ ಅಪರೂಪದ ಪರೀಕ್ಷೆಗಳ ಗೋಜಿಗೇ ಹೋಗದೆ ಒಂಬತ್ತು ಮಾಮೂಲಿ ಅಂಕಿಗಳನ್ನು ಆರಿಸಿ, ಮೈಯ ನಿಜ ವಯಸ್ಸೆಷ್ಟು ಎಂದು ಹೇಳುವ ಸೂತ್ರ ಕಟ್ಟಿದಳು. ಆಲ್ಬುಮಿನ್, ಕ್ರಿಯಾಟಿನಿನ್, ಗ್ಲೂಕೋಸ್, ಸಿಆರ್‌ಪಿ, ಲಿಂಫೋಸೈಟ್ ಪ್ರಮಾಣ, ಬಿಳಿ ರಕ್ತಕಣ, ಆಲ್ಕಲೈನ್ ಫಾಸ್ಫಟೇಸ್, ಎಂಸಿವಿ ಮತ್ತು ಅದೇ ಆರ್‌ಡಿಡಬ್ಲ್ಯು. ಈ ಒಂಬತ್ತರಲ್ಲಿ ಮದ್ದೂರಿನಲ್ಲಿ ಮಾಡಿಸಲಾಗದ್ದು ಯಾವುದೂ ಇಲ್ಲ.

ಸ್ವೀಡನ್ನಿನ ಕತೆ ನನಗೆ ಎಲ್ಲಕ್ಕಿಂತ ಇಷ್ಟ, ಯಾಕೆಂದರೆ ಅಲ್ಲಿ ಲೆಕ್ಕ ಹಾಕಿದ್ದು ಸಾವನ್ನಲ್ಲ, ಬದುಕನ್ನು. 1985ರಿಂದ 1996ರ ನಡುವೆ ರಕ್ತಪರೀಕ್ಷೆ ಮಾಡಿಸಿಕೊಂಡ ಸುಮಾರು 44,000 ಹಿರಿಯರನ್ನು 2020ರವರೆಗೆ ಹಿಂಬಾಲಿಸಿದರು. 1,224 ಮಂದಿ ನೂರು ಮುಟ್ಟಿದರು, ಅವರಲ್ಲಿ ನೂರಕ್ಕೆ ಸುಮಾರು 85 ಹೆಂಗಸರು. ಹಳೆಯ ಚೀಟಿಗಳನ್ನು ತೆಗೆದು ನೋಡಿದರೆ ಶತಾಯುಷಿಗಳಾಗುವವರು ಅರವತ್ತು ದಾಟಿದ ವರ್ಷಗಳಲ್ಲೇ ಬೇರೆ ಕಾಣುತ್ತಿದ್ದರು: ಗ್ಲೂಕೋಸ್ ಕಡಿಮೆ, ಕ್ರಿಯಾಟಿನಿನ್ ಕಡಿಮೆ, ಯೂರಿಕ್ ಆಸಿಡ್ ಕಡಿಮೆ. ಮೂವತ್ತಕ್ಕೂ ಹೆಚ್ಚು ವರ್ಷ ಮುಂಚೆ! ಬೆರಗಿನ ಮೇಲೆ ಬೆರಗೆಂದರೆ ಅವರಲ್ಲಿ ಒಟ್ಟು ಕೊಲೆಸ್ಟ್ರಾಲ್ ತುಸು ಹೆಚ್ಚೇ ಇತ್ತು. ಹಾಗೆಂದು ಯಾರೂ ಕೊಲೆಸ್ಟ್ರಾಲ್ ಮಾತ್ರೆಯನ್ನು ಚರಂಡಿಗೆ ಎಸೆಯಬೇಡಿ. ಮುಪ್ಪಿನಲ್ಲಿ ಕೊಲೆಸ್ಟ್ರಾಲ್ ತಾನಾಗಿ ಇಳಿಯುವುದು ಎಷ್ಟೋ ಸಲ ಒಳಗೆ ಯಾವುದೋ ಕಾಯಿಲೆ ಕೂತಿದೆ ಎಂಬುದರ ಗುರುತಾಗಿರುತ್ತದೆ.

ಇದೆಲ್ಲ ಪರದೇಶದ ಬಿಳಿಯರ ಲೆಕ್ಕ, ಮುದ್ದೆ ತಿನ್ನುವ ಮೈಗೂ ಹೊಂದುತ್ತದೆಯೇ? ಕೇಳಲೇಬೇಕಾದ ಪ್ರಶ್ನೆ. ಉತ್ತರ ಹುಡುಕುವ ಕೆಲಸವೂ ನಮ್ಮ ಪಕ್ಕದಲ್ಲೇ ನಡೆದಿದೆ. ಮಂಡ್ಯದಿಂದ ಬಸ್ಸಿನಲ್ಲಿ ಒಂದು ಗಂಟೆಯ ದಾರಿ ಮೈಸೂರು. ಅಲ್ಲಿ ಜನ ಮಿಷನ್ ಆಸ್ಪತ್ರೆ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಸುತ್ತಳತೆ ಬರೆದಿಟ್ಟ ದಾಖಲೆಗಳು ಉಳಿದಿದ್ದವು. ಇಂಗ್ಲೆಂಡಿನ ಕ್ಯಾರೊಲಿನ್ ಫಾಲ್, ಇಲ್ಲಿನ ಕಲ್ಯಾಣರಾಮನ್ ಕುಮಾರನ್ ಮೊದಲಾದವರು 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ ಮೈಸೂರಿನಲ್ಲೇ ಉಳಿದಿದ್ದ 517 ಜನರನ್ನು ಹುಡುಕಿ ತಪಾಸಣೆ ಮಾಡಿದರು. 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಫಲಿತಾಂಶ: ಹುಟ್ಟುವಾಗ ಎರಡೂವರೆ ಕೆ.ಜಿ.ಯೊಳಗಿದ್ದವರಲ್ಲಿ ಶೇ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ, ಮೂರು ಕೆ.ಜಿ. ದಾಟಿದ್ದವರಲ್ಲಿ ಶೇ 3 ಮಾತ್ರ. ಇದು ರಕ್ತದ ಲೆಕ್ಕವಲ್ಲ, ಆದರೆ ನಮ್ಮವರದೇ ಲೆಕ್ಕ: ಯಾವನೋ ಗುಮಾಸ್ತ, ಯಾವಳೋ ನರ್ಸು ಬರೆದಿಟ್ಟ ಹಳೆಯ ಪುಸ್ತಕ, ಐವತ್ತು ವರ್ಷದ ಮೇಲೆ ಹೃದಯದ ಕತೆ ಹೇಳಿತು.

ಕೋಲಾರ ಜಿಲ್ಲೆಯ ಶ್ರೀನಿವಾಸಪುರದ್ದು ಇನ್ನೂ ದೊಡ್ಡ ಸಾಹಸ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ 2018ರಲ್ಲಿ ಅಲ್ಲಿನ ಹಳ್ಳಿಗಳ 45 ದಾಟಿದ 10,000 ಜನರನ್ನು ವರ್ಷಗಟ್ಟಲೆ ಹಿಂಬಾಲಿಸುವ ಗುರಿಯಿಟ್ಟು ಕೆಲಸ ಶುರುಮಾಡಿತು. ರಕ್ತಪರೀಕ್ಷೆ, ನೆನಪಿನ ಪರೀಕ್ಷೆ, ಮಿದುಳಿನ ಸ್ಕ್ಯಾನು, ವಂಶವಾಹಿಗಳ ಓದು, ಎಲ್ಲವೂ ಮಾವಿನ ತೋಟದ ರೈತರದು! 1902ರಲ್ಲಿ ನಮ್ಮ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು. ಈಗ ಕೋಲಾರದ ಕಡೆಯಿಂದ ಮಳವಳ್ಳಿಯ ಮುದುಕರಿಗೆ ಬೆಳಕು ಬರುವ ಕಾಲ ಎಂದುಕೊಂಡರೆ ಅತಿಯಾಯಿತೇನೋ, ಆದರೂ ಹಾಗೆ ಅಂದುಕೊಳ್ಳಲು ನನಗೆ ಖುಷಿ.

ದೇಶದ ಮಟ್ಟದಲ್ಲಿ ನಡೆದದ್ದು ವಯಸ್ಸಾಗುತ್ತಿರುವವರ ಕುರಿತ ಲಾಸಿ (LASI) ಸಮೀಕ್ಷೆ. 2017-18ರ ಮೊದಲ ಸುತ್ತಿನಲ್ಲಿ 72,250 ಜನರನ್ನು ಮನೆಮನೆಗೆ ಹೋಗಿ ಮಾತಾಡಿಸಿದರು, ಕರ್ನಾಟಕದವರೂ ಅದರಲ್ಲಿದ್ದರು. ಹಳ್ಳಿಯಿಂದ ರಕ್ತವನ್ನು ಕೆಡದಂತೆ ಸಾಗಿಸುವುದು ಹೇಗೆ? ಬೆರಳ ತುದಿಯ ನಾಲ್ಕಾರು ಹನಿಯನ್ನು ವಿಶೇಷ ಕಾಗದದ ಮೇಲೆ ಬೀಳಿಸಿ, ಒಣಗಿಸಿ, ಪುಣೆಯ ಪ್ರಯೋಗಾಲಯಕ್ಕೆ ಕಳಿಸಿದರು. ಒಣಗಿದ ಆ ಕಲೆಯಿಂದ ಹಿಮೋಗ್ಲೋಬಿನ್, ಮೂರು ತಿಂಗಳ ಸಕ್ಕರೆ, ಸಿಆರ್‌ಪಿ ಎಲ್ಲ ಅಳೆಯಬಹುದು.

ಇಷ್ಟು ಓದಿದ ಮೇಲೆ ಅಪ್ಪನ ಚೀಟಿ ಹುಡುಕಲು ಎದ್ದು ಹೋದವರಿದ್ದರೆ, ಒಂದು ನಿಮಿಷ ಕೂತುಕೊಳ್ಳಿ. ಶೇ 22 ಹೆಚ್ಚು ಎಂದರೆ ನೂರರಲ್ಲಿ 22 ಜನ ಸಾಯುತ್ತಾರೆ ಎಂದಲ್ಲ. ಲೆಕ್ಕಕ್ಕೆಂದು ಹೇಳುವುದಾದರೆ, ಒಂದು ಗುಂಪಿನ ನೂರು ಮಂದಿಯಲ್ಲಿ ಇಂತಿಷ್ಟು ವರ್ಷಕ್ಕೆ ಹತ್ತು ಸಾವು ಆಗುವುದಿದ್ದರೆ ಇನ್ನೊಂದು ಗುಂಪಿನಲ್ಲಿ ಹನ್ನೆರಡು. ಸಾವಿರಾರು ಜನರನ್ನು ಸಾಲಾಗಿ ನಿಲ್ಲಿಸಿದಾಗ ಸ್ಪಷ್ಟವಾಗಿ ಕಾಣುವ ಈ ವ್ಯತ್ಯಾಸ, ನಿಮ್ಮ ಮನೆಯ ಒಬ್ಬರೇ ಅಜ್ಜನ ಬಗ್ಗೆ ತಾರೀಖು ಹೇಳುವುದಿಲ್ಲ. ಆರ್‌ಡಿಡಬ್ಲ್ಯು 16 ಇದ್ದು ತೊಂಬತ್ತು ದಾಟಿದವರಿದ್ದಾರೆ, 12.5 ಇದ್ದು ಅರವತ್ತಕ್ಕೆ ಹೋದವರಿದ್ದಾರೆ. ಇನ್ನೂ ಒಂದು: 2019ರಲ್ಲಿ 44,168 ಜನರ ರಕ್ತದಿಂದ 14 ಅಂಶಗಳನ್ನು ಆರಿಸಿ ಮಾಮೂಲಿ ಅಪಾಯಸೂಚಕಗಳ ಲೆಕ್ಕಕ್ಕಿಂತ ಚೆನ್ನಾಗಿ ಸಾವಿನ ಅಪಾಯ ಊಹಿಸಿದ ವಿಜ್ಞಾನಿಗಳೇ, ಇದು ಆಸ್ಪತ್ರೆಯಲ್ಲಿ ಬಳಸುವ ಹಂತಕ್ಕೆ ಬಂದಿಲ್ಲ ಎಂದರು. ಅಂಥವರೇ ಅಷ್ಟು ಎಚ್ಚರದಿಂದ ಮಾತಾಡುವಾಗ, ಅರವತ್ತು ಎಪ್ಪತ್ತು ಪರೀಕ್ಷೆಗಳ ಪ್ಯಾಕೇಜು ಮಾಡಿ "ನಿಮ್ಮ ದೇಹದ ವಯಸ್ಸು ತಿಳಿಯಿರಿ" ಎಂದು ಫೋನಿಗೆ ಮೆಸೇಜು ಕಳಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅಷ್ಟೊಂದು ಪರೀಕ್ಷೆಯಲ್ಲಿ ಒಂದೆರಡು ಅಂಕಿ ಎಲ್ಲೆ ದಾಟುವುದು ಲೆಕ್ಕಾಚಾರದ ಸಹಜ ಗುಣ; ಆಮೇಲೆ ಇಲ್ಲದ ರೋಗಕ್ಕೆ ಅಲೆದಾಟ.

ಅದೂ ಅಲ್ಲದೆ ರಕ್ತವೇ ಎಲ್ಲ ಅಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯೂ ಪಾಲ್ಗೊಂಡ, 17 ದೇಶಗಳ ಸುಮಾರು 1.4 ಲಕ್ಷ ಜನರ 'ಪ್ಯೂರ್' ಅಧ್ಯಯನದಲ್ಲಿ ಮುಷ್ಟಿಯ ಹಿಡಿತ ಐದು ಕೆ.ಜಿ. ಕುಂದಿದರೆ ಸಾವಿನ ಅಪಾಯ ಶೇ 16 ಹೆಚ್ಚು ಎಂದು 2015ರಲ್ಲಿ ತಿಳಿಯಿತು. ಸಾವಿನ ಅಪಾಯ ತಿಳಿಸುವುದರಲ್ಲಿ ಅದು ರಕ್ತದೊತ್ತಡದ ಮೇಲಿನ ಅಂಕಿಯನ್ನೂ ಹಿಂದಿಕ್ಕಿತು. ಎಪ್ಪತ್ತೈದರಲ್ಲೂ ಕುಡುಗೋಲು ಗಟ್ಟಿಯಾಗಿ ಹಿಡಿಯುವ ಅಜ್ಜ ಯಾವ ಚೀಟಿಯೂ ಇಲ್ಲದೆ ಒಂದಷ್ಟು ಹೇಳಿಬಿಟ್ಟಿರುತ್ತಾನೆ.

ಹಾಗಾದರೆ ಆರ್‌ಡಿಡಬ್ಲ್ಯು ಏರಿದೆ ಎಂದು ಕಂಡರೆ ಮಾಡುವುದೇನು? ಆ ಅಂಕಿಗೆಂದೇ ಇಳಿಸುವ ಮಾತ್ರೆ ಇಲ್ಲ. ಆದರೆ ಅದರ ಹಿಂದೆ ಇರಬಹುದಾದವುಗಳಲ್ಲಿ ಎಷ್ಟೋ ಸಂಗತಿಗಳಿಗೆ ಮದ್ದಿದೆ, ಮಂಡ್ಯ ಸೀಮೆಯ ಹಿರಿಯರಲ್ಲಿ ಮೊದಲು ಹುಡುಕಬೇಕಾದವೂ ಅವೇ. ವರ್ಷಗಟ್ಟಲೆ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ ಬಿ12 ಕುಂದುತ್ತದೆ. ಅದರ ಜೊತೆ ದಿನಾ ಬೆಳಿಗ್ಗೆ "ಗ್ಯಾಸ್ ಮಾತ್ರೆ" ಎಂದು ಪ್ಯಾಂಟೊಪ್ರಜೋಲ್ ಅಥವಾ ಒಮೆಪ್ರಜೋಲ್ ನುಂಗಿದರೆ ಇನ್ನೂ ಕುಂದುತ್ತದೆ. ಮಾಂಸ, ಮೊಟ್ಟೆ ಮುಟ್ಟದ ಮನೆಯವರಾದರೆ ಮೊದಲೇ ಬಿ12 ಕಡಿಮೆ. ಮೂರೂ ಒಂದೇ ಅಜ್ಜಿಯಲ್ಲಿ ಕೂಡಿದರೆ? ಕಾಲು ಜೋಮು, ಮರೆವು, ಸುಸ್ತು ಎಲ್ಲವನ್ನೂ "ವಯಸ್ಸಾಯ್ತಲ್ಲ" ಎಂದು ತಳ್ಳಿಹಾಕುತ್ತೇವೆ. ಸರಿಪಡಿಸಬಹುದಾಗಿದ್ದ ಕೊರತೆ ಹಾಗೇ ಉಳಿಯುತ್ತದೆ. ಕಬ್ಬಿಣದ ಕೊರತೆ ವಯಸ್ಸಾದ ಗಂಡಸರಲ್ಲಿ ಕಂಡರೆ ಟಾನಿಕ್ ಕುಡಿಸಿ ಸುಮ್ಮನಾಗಬಾರದು. ಹೊಟ್ಟೆಯಲ್ಲೋ ಕರುಳಲ್ಲೋ ರಕ್ತ ಸೋರುತ್ತಿದೆಯೇ ಎಂದು ನೋಡಲೇಬೇಕು. ಮುಟ್ಟು ನಿಂತ ಹೆಂಗಸರಿಗೂ ಇದೇ ಮಾತು.

ಊಟದ ಮಾತಿಗೆ ಬಂದರೆ ನಮ್ಮ ಹಿಂದಿನವರ ಒಂದು ಜಾಣತನ ಹೇಳದೆ ಇರಲಾರೆ. ಸೊಪ್ಪಿನಲ್ಲಿರುವ ಫೋಲೇಟ್ ನೀರಿನಲ್ಲಿ ಕರಗುವಂಥದ್ದು. ಬೇಯಿಸಿ ನೀರು ಚೆಲ್ಲಿದರೆ ಅದರ ದೊಡ್ಡ ಪಾಲು ಚರಂಡಿ ಪಾಲು. ಬಸ್ಸಾರಿನಲ್ಲಿ ಏನು ಮಾಡುತ್ತೇವೆ? ಸೊಪ್ಪು ಕಾಳು ಬೇಯಿಸಿ ನೀರು ಬಸಿದು, ಆ ನೀರನ್ನೇ ಸಾರು ಮಾಡುತ್ತೇವೆ! ಮುದ್ದೆ ಮುರಿದು ಅದರಲ್ಲಿ ಅದ್ದಿ ನುಂಗುವಾಗ ಕಳೆದುಹೋಗಬೇಕಿದ್ದ ಫೋಲೇಟಿನಲ್ಲಿ ಉಳಿದಷ್ಟು ಮರಳಿ ಹೊಟ್ಟೆ ಸೇರುತ್ತದೆ. ಬಸ್ಸಾರು ಕಂಡುಹಿಡಿದ ಅವ್ವನಿಗೆ ಫೋಲೇಟಿನ ಹೆಸರು ಗೊತ್ತಿರಲಿಲ್ಲ, ಗೊತ್ತಿರಬೇಕಾದ ಅಗತ್ಯವೂ ಇರಲಿಲ್ಲ. ಆದರೆ ಆ ಊಟದ ಬೆನ್ನಿಗೇ ಕಾಫಿ ಟೀ ಕುಡಿದರೆ ಸೊಪ್ಪು ಕಾಳಿನ ಕಬ್ಬಿಣ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಒಂದು ಗಂಟೆ ತಡೆದು ಕುಡಿಯಿರಿ. ಊಟಕ್ಕೆ ನಿಂಬೆಹಣ್ಣು ಹಿಂಡಿಕೊಂಡರೆ ಕಬ್ಬಿಣ ಚೆನ್ನಾಗಿ ಹತ್ತುತ್ತದೆ.

ಕೊನೆಯದಾಗಿ, ದಯವಿಟ್ಟು ಅಪ್ಪ ಅವ್ವನ ಹಳೆಯ ಲ್ಯಾಬ್ ಚೀಟಿಗಳನ್ನು ಬಿಸಾಡಬೇಡಿ. ಒಂದು ಅಂಕಿ ಒಂದು ದಿನದ ಮಾತು. ಐದಾರು ವರ್ಷದ ಅಂಕಿಗಳು ಸಾಲಾಗಿ ಸಿಕ್ಕರೆ ಯಾವುದು ಏರುತ್ತಿದೆ, ಯಾವುದು ಇಳಿಯುತ್ತಿದೆ ಎಂದು ಡಾಕ್ಟರಿಗೆ ಕಾಣುತ್ತದೆ. ಇಪ್ಪತ್ತು ರೂಪಾಯಿಯ ಒಂದು ಫೈಲು ತನ್ನಿ. ಮಂಡ್ಯ, ಮದ್ದೂರು, ಮಳವಳ್ಳಿ, ಎಲ್ಲಿ ಮಾಡಿಸಿದ್ದಾದರೂ ತಾರೀಖಿನ ಪ್ರಕಾರ ಜೋಡಿಸಿ. ನುಂಗುವ ಮಾತ್ರೆಗಳ ಪಟ್ಟಿ, ವರ್ಷಕ್ಕೊಮ್ಮೆ ಮೈತೂಕ ಬರೆದು ಮೇಲಿಡಿ. ಬಣ್ಣ ಮಾಸುವ ತೆಳು ಕಾಗದದ ಚೀಟಿಯಾದರೆ ಫೋಟೋ ತೆಗೆದುಕೊಳ್ಳಿ. ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಸುಗರ್ ಕೇಳಿ, ಎಚ್‌ಬಿ ಕೇಳಿ, ಆಮೇಲೆ ಫೈಲು ಮುಂದಿಟ್ಟು ಇದನ್ನೂ ಕೇಳಿ: "ಡಾಕ್ಟ್ರೇ, ಹೋದ ವರ್ಷಕ್ಕಿಂತ ಈ ವರ್ಷ ಇದರಲ್ಲಿ ಏನಾದರೂ ಬದಲಾಗಿದೆಯಾ?"